ಮೊದಲ ಎಂಟು ಪುಟಗಳಿಲ್ಲದ ಪುಸ್ತಕದೊಂದಿಗೆ ಗ್ರೇಟರ್ ನೋಯ್ಡಾಕ್ಕೆ

೨೦೦೭ರ ಡಿಸೆಂಬರ್ ೯, ಭಾನುವಾರ, ಬೆಳಗ್ಗೆ ೭.೪೦. ದೆಹಲಿಯ ಜನಕಪುರಿಯ ಮನೆಯಿಂದ ಹೊರಟಾಗ ನನ್ನ ಚೀಲದಲ್ಲಿ ಐದು ಪುಸ್ತಕಗಳಿದ್ದವು. ನಾಲ್ಕು ನನ್ನವು. ಐದನೆಯದು ಕೆಳಗಿನ ಮನೆಯ ಸುಬೇದಾರ್ ಬೋಪಯ್ಯ ಅಂಕಲ್ ಅವರದು.

ನನ್ನ ಮೊದಲ ಕಥಾಸಂಕಲನ ಆ ವರ್ಷವೇ ಬಂದಿತ್ತು. ಅದನ್ನು ಓದಿದ ಗ್ರೇಟರ್ ನೋಯ್ಡಾದ ಶಾರದಕ್ಕ ಫೋನ್ ಮಾಡಿ, "ನಿಮ್ಮ ಕಥೆ ಓದಿಯಾಯ್ತು. ನಿಮಗೆ ಇಷ್ಟವಾದ ಐದು ಪುಸ್ತಕ ತನ್ನಿ, ಅವುಗಳ ಬಗ್ಗೆ ಮಾತಾಡಿ" ಎಂದು ತಮ್ಮ ಓದುಗರ ಕೂಟಕ್ಕೆ ಕರೆದಿದ್ದರು. ಅಂಕಲ್ ಅವರ ಪುಸ್ತಕವನ್ನು ನಾನು ಮೂರು ಸಲ ಓದಿದ್ದೆ. ಅದಿಲ್ಲದೆ ಐದು ಆಗುತ್ತಿರಲಿಲ್ಲ. ಆದರೆ ಅವರು ಮರುದಿನ ಬೆಳಗಿನ ರೈಲಿಗೆ ಕೊಡಗಿಗೆ ಹೊರಟಿದ್ದರು, ಮರಳಿ ಬರುವುದಿಲ್ಲವೆಂದು. "ಟ್ರಂಕಿನಲ್ಲಿ ಅದರ ಜಾಗ ಖಾಲಿ ಬಿಟ್ಟಿದ್ದೀನಿ ಮಗಳೇ. ಸಂಜೆಯೊಳಗೆ ಬರಬೇಕು" ಎಂದಷ್ಟೇ ಹೇಳಿದರು.

ಮೆಟ್ರೋದಲ್ಲಿ ಇಂದ್ರಪ್ರಸ್ಥದವರೆಗೆ ಹೋಗಿ ಪುಸ್ತಕ ಎಣಿಸಿದೆ: ಐದು. ಬಸ್ಸಿನಲ್ಲಿ ನೋಯ್ಡಾ ತಲುಪಿ ಎಣಿಸಿದೆ: ಐದು. ಅಲ್ಲಿಂದ ಇಪ್ಪತ್ತು ರೂಪಾಯಿಗೆ ಶೇರ್ ವ್ಯಾನ್ ಸಿಕ್ಕಿತು. ಎಕ್ಸ್‌ಪ್ರೆಸ್‌ವೇಗೆ ಏರಿದ ಮೇಲೆ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ರಸ್ತೆಯ ಬಿಳಿ ಗೆರೆ ನೋಡಿಕೊಂಡು ಓಡಿಸುತ್ತಿದ್ದ.

"ಭಯ್ಯಾ, ಧೀರೇ ಚಲೋ" ಎಂದೆ.

"ಧೀರೇ ಚಲೂಂಗಾ ತೋ ಪೀಛೇ ವಾಲಾ ಠೋಕ್ ದೇಗಾ, ಮೇಡಂ." ನಿಧಾನವಾಗಿ ಹೋದರೆ ಹಿಂದಿನವನು ಗುದ್ದುತ್ತಾನಂತೆ. ಚೀಲವನ್ನು ಎದೆಗವಚಿಕೊಂಡು ಐವತ್ತು ನಿಮಿಷ ಕುಳಿತೆ. ಗುದ್ದಿದರೆ ಪುಸ್ತಕ ಯಾರ ಕೈಗೆ ಸೇರೀತು ಎಂಬ ಯೋಚನೆಯೇ ಮತ್ತೆ ಮತ್ತೆ ಬಂತು. ಅದರಲ್ಲಿ ಅಂಕಲ್ ಹೆಸರಿರಲಿ, ವಿಳಾಸವಿರಲಿ, ಯಾವುದೂ ಇರಲಿಲ್ಲ.

ಶಾರದಕ್ಕನ ಫ್ಲ್ಯಾಟಿನಲ್ಲಿ ಹದಿನಾಲ್ಕು ಜನ ಸೇರಿದ್ದರು. ಅವರ ಯಜಮಾನರ ಹೋಟೆಲಿನಿಂದ ಬಿಸಿ ಬನ್ಸ್ ಬಂದಿತ್ತು. ನಾನು ಒಂದೂವರೆ ತಿಂದೆ. ನಾಲ್ಕು ಪುಸ್ತಕಗಳ ಮಾತು ಮುಗಿಸಿ ಐದನೆಯದನ್ನು ಮಡಿಲಲ್ಲೇ ಇಟ್ಟುಕೊಂಡು ಮಾತಾಡಿದೆ. ಗಂಗೆ ಎಂಬವಳು ಕತ್ತಲಾಗುವ ಹೊತ್ತಿಗೆ ಮಗುವನ್ನೆತ್ತಿಕೊಂಡು ಅಳಿವೆಯ ಮರಳುದಿಬ್ಬ ದಾಟುತ್ತಾಳೆ, ಉಬ್ಬರ ಏರುತ್ತಿರುತ್ತದೆ. ಹೇಳುವ ಹುರುಪಿನಲ್ಲಿ ಎರಡು ಬಾರಿ "ನನ್ನ ಪುಸ್ತಕ" ಎಂದುಬಿಟ್ಟೆ.

"ಏನಮ್ಮ, ಅದನ್ನು ಮಡಿಲಿಂದ ಇಳಿಸೋದೇ ಇಲ್ವಾ? ತೊಟ್ಟಿಲು ತರಿಸಲಾ?" ಎಂದರು ಒಬ್ಬ ಹಿರಿಯರು. ಎಲ್ಲರೂ ನಕ್ಕರು.

ಆಗ ಶಾರದಕ್ಕ ಸ್ಟೀಲ್ ಡಬ್ಬಿ ತಂದರು. ಒಳಗೆ ಎಲ್ಲರ ಹೆಸರಿನ ಚೀಟಿಗಳು. "ಹೊಗಳಿದ ಪುಸ್ತಕ ಹೊಗಳಿದವರ ಜೊತೆ ವಾಪಸ್ ಹೋಗೋ ಹಾಗಿಲ್ಲ, ಅದು ನಮ್ಮ ಕೂಟದ ಪದ್ಧತಿ. ಚೀಟಿ ಬಂದವರು ಒಂದು ತಿಂಗಳು ಓದ್ತಾರೆ. ಫೋನಲ್ಲಿ ಹೇಳಿದ್ನಲ್ಲ?"

ಹೇಳಿರಲಿಲ್ಲ. ಅಥವಾ ಹೇಳಿದ್ದು ನನ್ನ ತಲೆಗೆ ಹೋಗಿರಲಿಲ್ಲ. ಒಂದೊಂದೇ ಚೀಟಿ ಎತ್ತಿದರು, ನಾಲ್ಕು ಪುಸ್ತಕ ಹೋದವು. ಐದನೆಯ ಚೀಟಿ ಶಾರದಕ್ಕನ ಮೊಮ್ಮಗಳು, ಹದಿಮೂರರ ನಿಧಿಗೆ ಬಂತು.

"ಮಿಲ್ ಗಯಾ! ಅಜ್ಜಿ, ಆ ನೀರಿನ ಬುಕ್ ನಂಗೇ!"

"ಅದು ನನ್ನದಲ್ಲ" ಎಂದೆ.

"ಈಗಷ್ಟೇ ನನ್ನ ಪುಸ್ತಕ ಅಂದ್ರಿ?" ಎಂದರು ಶಾರದಕ್ಕ. ಟ್ರಂಕಿನ ಖಾಲಿ ಜಾಗದ ವಿಷಯ ಹೇಳಿದೆ. ಯಾರೂ ನಗಲಿಲ್ಲ. "ಚೀಟಿ ಅವಳದು. ಕೊಡೋದು ಬಿಡೋದು ಅವಳಿಗೆ ಸೇರಿದ್ದು" ಎಂದರು ಶಾರದಕ್ಕ.

ನಿಧಿ ಪುಸ್ತಕ ತಿರುವಿ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. "ಲಾಸ್ಟ್ ವಾಲಾ ಪಾರ್ಟ್ ಓದಿ. ಫಿರ್ ಹೇಳ್ತೀನಿ."

ಕೊನೆಯ ನಾಲ್ಕು ಪುಟ ಓದಿದೆ. ನೀರು ಗಂಗೆಯ ಸೊಂಟಕ್ಕೆ ಬರುತ್ತದೆ. ಹಿಂದಿನಿಂದ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ. ಅವಳು ತಿರುಗಿ... ಅಲ್ಲಿಗೆ ಪುಟ ೨೧೪ ಮುಗಿಯುತ್ತದೆ. ಮುಂದಿನ ಹಾಳೆಗಳಿಲ್ಲ.

"ಯಾರು ಕರೆದಿದ್ದು?"

"ಗೊತ್ತಿಲ್ಲ. ಅಂಕಲ್‌ಗೂ ಗೊತ್ತಿಲ್ಲ. ಅವರು ರದ್ದಿಯಲ್ಲಿ ಕೊಂಡಾಗಲೇ ಹರಿದಿತ್ತಂತೆ."

ಅವಳು ತುಂಬಾ ಹೊತ್ತು ಪುಸ್ತಕ ಬಿಡಲಿಲ್ಲ. ಕೊನೆಗೆ ನನ್ನ ಕೈಗಿಟ್ಟಳು. "ಗೊತ್ತಾದ್ರೆ ಪೆಹಲೇ ನಂಗೆ ಹೇಳ್ಬೇಕು. ಅಂಕಲ್‌ಗಿಂತ ಮೊದಲು. ಪಕ್ಕಾ?"

"ಪಕ್ಕಾ."

೩.೩೦ಕ್ಕೆ ಹೊರಟೆ. ನೋಯ್ಡಾದಲ್ಲಿ ಬಸ್ಸಿಗಾಗಿ ಒಂದು ಗಂಟೆ ಕಾದೆ. ಜನಕಪುರಿಯಲ್ಲಿ ಮೆಟ್ರೋ ಇಳಿದಾಗ ೬.೫೦. ಮಂಜು ಮತ್ತೆ ಇಳಿದಿತ್ತು, ನಮ್ಮ ಬ್ಲಾಕಿನ ಬೀದಿದೀಪಗಳು ಆರಿದ್ದವು. ಸ್ಟೇಷನ್ನಿನಿಂದ ಮನೆಗೆ ಹನ್ನೆರಡು ನಿಮಿಷದ ದಾರಿ. ಆರನೆಯ ನಿಮಿಷಕ್ಕೆ ಹಿಂದೆ ಬೂಟಿನ ಸದ್ದು ಕೇಳಿತು. ವೇಗವಾಗಿ ನಡೆದೆ, ಅದೂ ವೇಗವಾಯಿತು. ಆಮೇಲೆ ಯಾರೋ ನನ್ನ ಹೆಸರು ಹಿಡಿದು ಕರೆದರು.

"ಸುಮಾ!"

ಪುಸ್ತಕವನ್ನು ಸ್ವೆಟರಿನೊಳಗೆ ತುರುಕಿಕೊಂಡು ತಿರುಗಿದೆ. ಟಾರ್ಚಿನ ಬೆಳಕು, ಅದರ ಹಿಂದೆ ಮಂಕಿ ಕ್ಯಾಪ್ ಹಾಕಿದ ಬೋಪಯ್ಯ ಅಂಕಲ್.

"ಸ್ಟೇಷನ್ ಗೇಟಲ್ಲೇ ನಿಂತಿದ್ದೆ, ನೋಡದೆ ಹೋದೆಯಲ್ಲ ಮಗಳೇ. ಅಚ್ಛಾ, ಎಷ್ಟು ಪುಸ್ತಕ ವಾಪಸ್ ಬಂತು?"

"ಒಂದು, ಅಂಕಲ್."

"ಸಾಕು" ಎಂದರು.

ಮರುದಿನ ಬೆಳಗ್ಗೆ ೫.೧೫ಕ್ಕೆ ಟ್ರಂಕ್ ಆಟೋ ಏರಿತು.

ಪುಸ್ತಕದ ಗುರುತು ಇಷ್ಟು: ನೀಲಿ ಬಟ್ಟೆಯ ರಟ್ಟು, ಪುಟ ೯ರಿಂದ ೨೧೪, ಗಂಗೆ, ಅಳಿವೆ, ಉಬ್ಬರ. ಇದರ ಹೆಸರಾಗಲಿ, ಬರೆದವರಾಗಲಿ, ಹಿಂದಿನಿಂದ ಕರೆದವರು ಯಾರೆಂಬುದಾಗಲಿ ಗೊತ್ತಿರುವವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾರ್ಡು ಬರೆಯಿರಿ. ಕೊಡಗಿಗೆ ಆಮೇಲೆ ತಿಳಿಸುತ್ತೇನೆ. ಮೊದಲು ಗ್ರೇಟರ್ ನೋಯ್ಡಾಕ್ಕೆ ಹೋಗಿ ಓದಿ ಹೇಳಬೇಕಾಗಿದೆ.