ನಾಲ್ಕು ಗೋಡೆಗೂ ಕೌದಿ

೨೦೦೨ರಲ್ಲಿ ನಾನು ಬನಹಟ್ಟಿಯಲ್ಲಿ ರೇಡಿಯೋ, ಟೇಪ್ ರಿಪೇರಿ ಮಾಡುತ್ತಿದ್ದೆ. ಮನೆಯ ಹಿಂದಿನ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿಕೊಡುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ನನ್ನ ಕ್ಯಾಸೆಟ್ಟಿನಷ್ಟು ಸ್ವಚ್ಛ ದನಿ ಈ ಕಡೆ ಯಾರದೂ ಬರುತ್ತಿರಲಿಲ್ಲ. ಅದನ್ನು ಈಗಲೂ ಧೈರ್ಯವಾಗಿ ಹೇಳುತ್ತೇನೆ.

ನಮ್ಮ ಓಣಿಯ ತುಂಬ ವಿದ್ಯುತ್ ಮಗ್ಗಗಳು. ಕರೆಂಟ್ ಹೋಗಿ ಅವು ನಿಂತಾಗ ನಾನು ಬ್ಯಾಟರಿಯ ಮೇಲೆ ರೆಕಾರ್ಡರ್ ನಡೆಸುತ್ತಿದ್ದೆ. ಬರಿಯ ಗೋಡೆಗೆ ಬಡಿದ ದನಿ ತಿರುಗಿ ಬಂದು ಮೈಕಿನಲ್ಲಿ ಕಲಸಿಹೋಗುತ್ತದೆ. ಅದನ್ನು ತಡೆಯಲು ನಾಲ್ಕು ಗೋಡೆಗೂ, ತೊಲೆಗೂ ಕೌದಿ ಕಟ್ಟಿದ್ದೆ. ಹೆಂಡತಿ ಹೊದೆಯಲು ಒಂದೂ ಉಳಿದಿಲ್ಲವೆಂದು ಬೈಯುತ್ತಿದ್ದಳು.

ಆ ವರ್ಷ ಗಲಗಲಿ ಕಡೆಯಿಂದ ಬೀರೇಶ್ವರನ ಡೊಳ್ಳಿನ ಮೇಳವೊಂದು ಕ್ಯಾಸೆಟ್ ಮಾಡಿಸಲು ಬಂತು. ಮುಂದೆ ನಿಂತು ಹಾಡುವವನು ಮಾಳಪ್ಪ. ನದಿಯ ಈ ದಂಡೆಯಲ್ಲಿ ಹಾಡಿದರೆ ಆ ದಂಡೆಗೆ ಕೇಳಿಸುವ ಗಂಟಲು. ಕಿವಿಗೆ ಕೈ ಹಚ್ಚಿ ಹಾಡುವುದು ಅವನ ರೂಢಿ. ಕೈ ಎತ್ತಿದರೆ ಬೆಳ್ಳಿ ಕಡಗ ಸದ್ದು ಮಾಡುತ್ತಿತ್ತು.

"ಕಿವಿಯಿಂದ ಕೈ ತಗಿಯೋ ಮಾಳಪ್ಪ, ಕಡಗ ಮೈಕಿನ್ಯಾಗ ಬರಾಕತ್ತೇತಿ."

ಕೈ ಇಳಿಸಿ ಹಾಡಿದ. ಎರಡನೇ ನುಡಿಗೇ ದನಿ ಏರಿ ಶ್ರುತಿ ತಪ್ಪಿತು. ನಿಂತುಬಿಟ್ಟ.

"ನನ್ನ ದನಿ ನನಗ ಕೇಳವಲ್ದ್ರಿ ಯಜಮಾನ್ರ. ಜ್ವಾಳದ ಹಗೇವಿನ್ಯಾಗ ಇಳಿದು ಹಾಡಿದಂಗ ಆಗಾಕತ್ತೇತಿ."

"ಕೇಳೂದು ನನ್ನ ಕೆಲಸ, ಹಾಡೂದು ನಿನ್ನ ಕೆಲಸ," ಎಂದೆ. ಹೆಡ್‌ಫೋನ್ ನನ್ನ ಕಿವಿಯಲ್ಲಿತ್ತು.

ಐದು ಸಲ ಹಾಡಿದ, ಐದು ಸಲವೂ ಕಿರುಚಿದ. ಮೇಳದವರೆಲ್ಲರ ಮುಂದೆ ನಾನು ತೀರ್ಪು ಕೊಟ್ಟೆ: "ಗಂಟಲ ಹೋಗೇತಿ ಮಾಳಪ್ಪ. ನಿನ್ನ ತಮ್ಮ ಹಾಡಲಿ." ತಮ್ಮ ಮೈಕಿಗೆ ಬಾಯಿ ಹಚ್ಚಿ ಮೆಲ್ಲಗೆ ಹಾಡಿದ. ಕ್ಯಾಸೆಟ್ ಛಲೋ ಬಂತು.

ದಸರೆಗೆ ಹೆಂಡತಿ ಕೌದಿಗಳನ್ನೆಲ್ಲ ಒಗೆಯಲು ಬಿಚ್ಚಿದಳು. ಬರಿಯ ಕೋಣೆಯಲ್ಲಿ ಮೈಕ್ ಪರೀಕ್ಷಿಸಲು ಒಂದು ಪದ ಹಾಡಿದೆ, ಸರಾಗ ಬಂತು. ಕೌದಿ ಒಣಗಿದ ಮೇಲೆ ಮತ್ತೆ ಕಟ್ಟಿ ಅದನ್ನೇ ಹಾಡಿದೆ. ಬಾಯಿಂದ ಹೋದ ದನಿ ಕಿವಿಗೆ ಮರಳಲೇ ಇಲ್ಲ. ಟೇಪ್ ಹಾಕಿ ಕೇಳಿದರೆ, ದನಿ ಕೇಳಿಸಲೆಂದು ನಾನೂ ಕಿರುಚಿದ್ದೆ, ನನ್ನ ಶ್ರುತಿಯೂ ಏರಿತ್ತು. ಮಾಳಪ್ಪನ ಗಂಟಲಿಗೆ ಏನೂ ಆಗಿರಲಿಲ್ಲ. ಅವನ ದನಿಯನ್ನು ಕೌದಿಗಳು ನುಂಗಿದ್ದವು, ಕಿವಿಗೆ ಆಸರೆಯಾಗಿದ್ದ ಕೈಯನ್ನು ನಾನು ಇಳಿಸಿದ್ದೆ.

ಅಂದೇ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ನನ್ನ ಕಿವಿ ತಪ್ಪುವುದಿಲ್ಲವೆಂದು ಊರೆಲ್ಲ ನಂಬಿತ್ತು, ಆ ಹೆಸರು ನನಗೆ ಬೇಕಾಗಿತ್ತು. ಒಂದು ಗೋಡೆಯ ಕೌದಿಯನ್ನು ಮಾತ್ರ ಗುಟ್ಟಾಗಿ ತೆಗೆದೆ. ಎರಡು ವರ್ಷ ಸುಮ್ಮನಿದ್ದೆ. ಮಾಳಪ್ಪ ಹಾಡುವುದನ್ನೇ ಬಿಟ್ಟಿದ್ದಾನೆಂದು ಅವನ ತಮ್ಮನ ಬಾಯಿಂದ ಕೇಳಿದ ಮೇಲೆ ಗಲಗಲಿ ಬಸ್ ಹತ್ತಿದೆ.

ಮನೆಯ ಅಂಗಳದಲ್ಲಿ ಮಾಳಪ್ಪ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ನಿಂತೇ ಎಲ್ಲವನ್ನೂ ಹೇಳಿದೆ. ಅವನ ಹೆಂಡತಿ ಲಕ್ಕವ್ವ ಒಳಗಿನಿಂದಲೇ ಚುಚ್ಚಿದಳು: "ಕೇಳಿದಿ ಏನ? ಬ್ಯಾನಿ ಇವರ ಕ್ವಾಣಿಗೆ ಹತ್ತಿತ್ತಂತ, ಕಷಾಯ ನಿನಗ ಕುಡಿಸಿದ್ನಿ!"

ಮಾಳಪ್ಪ ನಗಲಿಲ್ಲ. "ಎರಡ ವರ್ಷ ಕುರಿ ಕೂಗಿ ಕರಿಯಾಕೂ ಅಂಜೀನ್ರಿ ನಾ," ಎಂದ. ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದ. "ನನ್ನ ಮುಂದ ಹೇಳಿದ್ರ ಏನಾತು? ಅಂದಿದ್ದು ಮ್ಯಾಳದ ಮುಂದ. ಅಲ್ಲೇ ಹೇಳ್ರಿ."

ಐತವಾರ ಗುಡಿಯ ಕಟ್ಟೆಯ ಮೇಲೆ ಮೇಳದವರ ಮುಂದೆ ಹೇಳಿದೆ. ಆಮೇಲೆ ಅವನನ್ನು ಬನಹಟ್ಟಿಗೆ ಕರೆತಂದು ಬರಿಯ ಗೋಡೆಯ ಎದುರು ನಿಲ್ಲಿಸಿದೆ. ಕಡಗಕ್ಕೆ ಅರಿವೆ ಸುತ್ತಿ, ಕಿವಿಗೆ ಕೈ ಹಚ್ಚಲು ನಾನೇ ಹೇಳಿದೆ. ಅವನ ದೊಡ್ಡ ದನಿಗೆ ತಕ್ಕಂತೆ ಮೈಕನ್ನು ನಾಲ್ಕು ಮೊಳ ದೂರ ಇಟ್ಟು ರೆಕಾರ್ಡರಿನ ಲೆವೆಲ್ ತಗ್ಗಿಸಿದೆ. ಒಂದೇ ಸಲಕ್ಕೆ ಹಾಡಿ ಮುಗಿಸಿದ. ನಾನು ಮಾಡಿದ ರೆಕಾರ್ಡಿಂಗುಗಳಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಆದರೆ ಮೇಳದ ಮುಂದಿನ ಜಾಗ ಅಷ್ಟರಲ್ಲಿ ತಮ್ಮನದಾಗಿಹೋಗಿತ್ತು. ಮಾಳಪ್ಪ ಕೊನೆಯವರೆಗೂ ಹಿಂದೆ ನಿಂತೇ ಹಾಡಿದ. ಅದನ್ನು ಸರಿಪಡಿಸುವ ಯಂತ್ರ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಆ ಕೋಣೆಗೆ ಯಾರೇ ಹಾಡಲು ಬಂದರೂ ರೆಕಾರ್ಡರ್ ಮುಟ್ಟುವ ಮೊದಲು ನಾನು ಹೆಡ್‌ಫೋನ್ ಕೆಳಗಿಟ್ಟು ಒಂದೇ ಮಾತು ಕೇಳುತ್ತಿದ್ದೆ: "ನಿಮ್ಮ ದನಿ ನಿಮಗ ಕೇಳತೈತೇನ್ರಿ?"