ಕ್ಷುಲ್ಲಕ ಕಾರಣ ಎಂದು ಬರೆದವನು

ಇಪ್ಪತ್ತು ವರ್ಷದಿಂದ ನಾನು ಒಂದು ದಿನಪತ್ರಿಕೆಗೆ ನಮ್ಮ ಪೇಟೆಯ ಸುದ್ದಿ ಕಳಿಸುತ್ತಿದ್ದೇನೆ. ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿ ಬಸ್ಸು ನಿಂತ ಹಾಗೆ ಮಾಡಿ ಹೊರಟುಬಿಡುವಂಥ ಪೇಟೆ. ಸುದ್ದಿಯಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಒಂದು ಜೆರಾಕ್ಸ್ ಅಂಗಡಿಯನ್ನೂ ಇಟ್ಟುಕೊಂಡಿದ್ದೇನೆ. ಹೊಡೆದಾಟದ ಸುದ್ದಿ ಬರೆಯುವಷ್ಟು ಸುಲಭದ ಕೆಲಸ ಬೇರೆ ಇಲ್ಲ. ಠಾಣೆಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಬರೆದುಕೊಂಡು, ಐದು ಸಾಲು ಕಳಿಸಿದರೆ ಮುಗಿಯಿತು. 'ಕ್ಷುಲ್ಲಕ ಕಾರಣಕ್ಕೆ' ಎಂಬ ಮಾತು ಕೈಗೆ ತಾನಾಗಿಯೇ ಬರುತ್ತಿತ್ತು.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಮೇಲೆ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಅಂಗಡಿಗೆ ಬಂದರು. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುವವರು; ಮುಖ ಪರಿಚಯ ಇತ್ತು. ಬಲಗೈಗೆ ಪ್ಲಾಸ್ಟರ್, ಹಣೆಯ ಮೇಲೆ ಹೊಲಿಗೆ. ಎಡಗೈಯಲ್ಲಿದ್ದ ಪೇಪರನ್ನು ಕೌಂಟರಿನ ಗಾಜಿನ ಮೇಲೆ ಇಟ್ಟರು.

"ಹ್ವಾಯ್, ಇದ್ ಬರ್ದದ್ದ್ ನೀವೇ ಅಲ್ದಾ?"

ಹೌದು ಅಂದೆ.

"ಕ್ಷುಲ್ಲಕ ಅಂದ್ರೆ ಎಂತ?"

ಸಣ್ಣದು ಅಂತ, ಅಕ್ಕ, ಅಂದೆ. ಅವರು ಕೂಗಾಡಲಿಲ್ಲ. ಒಂದು ಸಲ ಬಂದು ಜಾಗ ನೋಡಿ ಅಂದರು, ಅಷ್ಟೇ.

ಅಂಗಡಿ ಮುಚ್ಚಿ ಅವರ ಜೊತೆ ಹೋದೆ. ರಸ್ತೆಯಿಂದ ಅವರ ಮನೆಗೆ ಹೋಗುವ ಓಣಿಯಲ್ಲಿ ಮೊದಲು ಹತ್ತಾರು ಮನೆಗಳಲ್ಲಿ ಜನ ಇದ್ದರು. ನನಗೆ ಗೊತ್ತಿದ್ದ ಓಣಿಯೇ ಅದು. ಒಬ್ಬೊಬ್ಬರಾಗಿ ಹೋಟೆಲ್ ನಡೆಸುತ್ತೇವೆ ಅಂತ ಮುಂಬೈ, ಪುಣೆ ಸೇರಿದರು. ಬೀಗಗಳಿಗೆ ತುಕ್ಕು ಹಿಡಿದಿತ್ತು. ಒಂದು ಮನೆಯ ಜಗಲಿಯ ಮೇಲೆ ಗಿಡ ಬೆಳೆದು ಕಿಟಕಿ ಮುಚ್ಚಿತ್ತು. ಈಗ ವಾಸ ಇರುವುದು ಎರಡೇ ಮನೆಯಲ್ಲಿ: ಒಂದರಲ್ಲಿ ಇವರು, ಇನ್ನೊಂದರಲ್ಲಿ ಇವರನ್ನು ಹೊಡೆದವನು.

ಖಾಲಿ ಮನೆಗಳವರು ಕೇಳುವುದಿಲ್ಲ ಅಂತಾದ ಮೇಲೆ ಅವನು ವರ್ಷಕ್ಕಿಷ್ಟು ಬೇಲಿ ಮುಂದೆ ತಂದಿದ್ದ. ಕೊನೆಗೆ ಓಣಿಗೇ ಅಡ್ಡ ಹಾಕಿದ. ರಸ್ತೆಗೆ ಹೋಗಲು ಇವರಿಗೆ ಬೇರೆ ದಾರಿ ಇಲ್ಲ. ಠಾಣೆಗೆ ಎರಡು ಸಲ ದೂರು ಕೊಟ್ಟಿದ್ದರಂತೆ. ಎರಡು ಸಲವೂ ಇಬ್ಬರನ್ನೂ ಕರೆಸಿ, ಹೊಂದಿಕೊಂಡು ಹೋಗಿ ಅಂತ ಹೇಳಿ ಸಹಿ ಹಾಕಿಸಿಕೊಂಡು ಕಳಿಸಿದ್ದರು. ಆಮೇಲೊಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬೇಲಿಯ ಎರಡು ಗೂಟ ಕಿತ್ತರು. ಅವನು ಅದೇ ಗೂಟದಿಂದ ಹೊಡೆದ. ಮೊದಲ ಏಟು ಹಣೆಗೆ ಬಿತ್ತು; ಆಮೇಲೆ ಕೈ ಅಡ್ಡ ಹಿಡಿದದ್ದಕ್ಕೆ ಕೈ ಮುರಿಯಿತು.

"ನಾನ್ ಕೂಗ್ದೆ," ಅಂದರು, ಆ ಜಾಗದಲ್ಲಿ ನಿಂತು. "ಅವ ಹೇಳ್ದ, ಕೂಗ್, ಯಾರ್ ಬತ್ರ್ ಕಾಂಬ ಅಂದ."

ಯಾರು ಬರುತ್ತಾರೆ ನೋಡೋಣ ಅಂದನಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲೂ ಇಲ್ಲಿ ಹೊಡೆದಾಟ ಇತ್ತು. ಶೇಂದಿ ಅಂಗಡಿಯ ಮುಂದೆ, ಕಂಬಳದ ಗದ್ದೆಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಎಲ್ಲ ಹತ್ತು ಜನರ ಎದುರಿಗೇ. ಎರಡನೇ ಏಟು ಬೀಳುವುದರೊಳಗೆ ಯಾರಾದರೂ ನಡುವೆ ಬರುತ್ತಿದ್ದರು. ಈಗ ನಡುವೆ ಬರುವವರೇ ಊರಲ್ಲಿಲ್ಲ. ಅದು ಹೊಡೆಯುವವನಿಗೆ ಚೆನ್ನಾಗಿ ಗೊತ್ತು. ತಲೆಯಿಂದ ರಕ್ತ ಸುರಿಯುವಾಗ ಇವರು ಒಬ್ಬರೇ ರಸ್ತೆವರೆಗೆ ನಡೆದುಹೋದರು. ಒಬ್ಬ ಬಸ್ ಕಂಡಕ್ಟರ್ ಹತ್ತಿಸಿಕೊಂಡು, ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಕುಂದಾಪುರದ ಆಸ್ಪತ್ರೆಗೆ ಮುಟ್ಟಿಸಿದ. ಅಷ್ಟೆಲ್ಲ ಆದದ್ದನ್ನು ನಾನು, ಅಂಗಡಿಯಲ್ಲಿ ಕೂತು, ನೆರೆಹೊರೆಯವರ ಕ್ಷುಲ್ಲಕ ಜಗಳ ಅಂತ ಬರೆದು ಕಳಿಸಿದ್ದೆ. ಅವನ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು.

ಮರುವಾರ ಪೇಟೆಯ ಸಭಾಭವನದಲ್ಲಿ ಹಬ್ಬದ ಮುಂಚಿನ ಶಾಂತಿ ಸಭೆ ಇತ್ತು. ಒಬ್ಬ ಅಧಿಕಾರಿ ಎದ್ದು, ಈ ಭಾಗದಲ್ಲಿ ಹಲ್ಲೆ ಪ್ರಕರಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಇದು ಸಂತೋಷದ ವಿಷಯ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುವವನು. ಅವತ್ತು ಎದ್ದು ನಿಂತೆ. ಜನ ಇಳಿದಿದ್ದಾರೆ ಸಾರ್, ಅದಕ್ಕೆ ಪ್ರಕರಣ ಇಳಿದಿದೆ, ಎಂದೆ. ದೂರು ಕೊಟ್ಟವರನ್ನು ರಾಜಿ ಮಾಡಿಸಿ ಕಳಿಸಿದರೆ ಎಣಿಕೆ ಇಳಿಯದೆ ಇನ್ನೇನು? ಎಣಿಕೆ ಕಡಿಮೆಯಾಗಿ ಗಾಯ ಆಳವಾದದ್ದು ನಿಮ್ಮ ಪಟ್ಟಿಯಲ್ಲಿ ಬರುವುದಿಲ್ಲ. ಪಕ್ಕದಲ್ಲಿದ್ದ ಒಬ್ಬ ಹಿರಿಯರು ಅಂಗಿ ಹಿಡಿದು ಕೂರಿಸಿದರು. ಊರಿನ ಹೆಸರು ಕೆಡಿಸಬೇಡ ಮಾರಾಯ, ಜಾಗ ತೆಗೆದುಕೊಳ್ಳಲು ಬರುವವರೂ ಬರುವುದಿಲ್ಲ ಎಂದು ಬುದ್ಧಿ ಹೇಳಿದರು. ಅವರಿಗೆ ಮುರಿದ ಕೈಗಿಂತ ಅದೇ ದೊಡ್ಡದು.

ಹಲ್ಲೆಯ ಕೇಸನ್ನು ಸಣ್ಣ ಗಾಯ ಅಂತ ದಾಖಲಿಸಿದ್ದರು. ಆಸ್ಪತ್ರೆಯಿಂದ ಗಾಯದ ಸರ್ಟಿಫಿಕೇಟು, ಎಕ್ಸ್‌ರೇ ಹಿಡಿದುಕೊಂಡು ಆ ಅಕ್ಕನೂ ನಾನೂ ಠಾಣೆಗೆ ನಾಲ್ಕು ಸಲ ಹೋದೆವು. ಮೂರು ಸಲ ಸಾಹೇಬರು ಇಲ್ಲ ಅಂದರು. ನಾಲ್ಕನೆಯ ಸಲ ಅಕ್ಕ ಬಾಗಿಲಿನಲ್ಲೇ ನೆಲದ ಮೇಲೆ ಕೂತರು, ಬರೆದುಕೊಳ್ಳುವವರೆಗೆ ಏಳುವುದಿಲ್ಲ ಎಂದರು. ನಾನೂ ಪಕ್ಕದಲ್ಲಿ ಕೂತೆ. ಸಂಜೆಯ ಹೊತ್ತಿಗೆ ಕೇಸಿನ ಕಲಂ ಗಂಭೀರ ಗಾಯಕ್ಕೆ ಬದಲಾಯಿತು. ಕಂಡಕ್ಟರ್ ತನ್ನ ರಜೆಯ ದಿನ ಬಂದು ಹೇಳಿಕೆ ಕೊಟ್ಟ. ಊರಿನವರು ಯಾರೂ ಬರಲಿಲ್ಲ.

ಹೊಡೆದವನನ್ನು ಹಿಡಿದರು. ಎರಡು ವಾರಕ್ಕೆ ಜಾಮೀನಿನ ಮೇಲೆ ಬಂದು ಅದೇ ಮನೆಯಲ್ಲಿ ಕೂತ. ಕೇಸು ಇನ್ನೂ ನಡೆಯುತ್ತಿದೆ. ಓಣಿ ಮಾತ್ರ ತೆರವಾಯಿತು, ಅವನು ಒಳಗಿದ್ದಾಗಲೇ ತಹಶೀಲ್ದಾರರ ಕಚೇರಿಯಿಂದ ಬಂದು ಅಳೆದು ಬೇಲಿ ತೆಗೆಸಿದರು.

ಅವನು ಬಿಡುಗಡೆಯಾಗಿ ಬಂದ ಮರುದಿನ ಬೆಳಿಗ್ಗೆ, ಓಣಿಯಲ್ಲಿ ರಸ್ತೆವರೆಗೆ ಒಂದು ಸಲ ಜೊತೆಗೆ ಬನ್ನಿ ಎಂದು ಅಕ್ಕ ಕರೆದರು. ಹೋದೆ. ಅವನು ಅಂಗಳದಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ. ನಮ್ಮನ್ನು ನೋಡಿದವನು ಅಲ್ಲಾಡಲಿಲ್ಲ. ಸಭೆಯಲ್ಲಿ ಅಷ್ಟು ಮಾತಾಡಿದ ನಾನು, ಗೊತ್ತಿಲ್ಲದೆ ಹೆಜ್ಜೆ ಜೋರು ಮಾಡಿದೆ. ಹಿಂದಿನಿಂದ ಅವರು ನನ್ನ ತೋಳು ಹಿಡಿದರು.

"ಅಷ್ಟ್ ಬೇಗ ಎಂತಕೆ? ನಿಧಾನ ಹೋಪ."