ಕುಂತಿಬೆಟ್ಟವೂ ನನ್ನ ಮೊಣಕಾಲೂ

ಪಾಂಡವಪುರದಲ್ಲಿ ಮನೆ ಕಟ್ಟಿದವರಿಗೆ ಒಂದು ಕಷ್ಟವಿದೆ. ಕಿಟಕಿ ತೆಗೆದರೆ ಕುಂತಿಬೆಟ್ಟ ಕಾಣುತ್ತದೆ. ನಮಗೆ ಕಂಡರೆ ಪರವಾಗಿಲ್ಲ, ಬಂದ ನೆಂಟರಿಗೂ ಕಾಣುತ್ತದೆ. ಕಾಫಿ ಲೋಟ ಕೆಳಗಿಡುವ ಮೊದಲೇ ‘ಹತ್ತಿ ಬರೋಣವೇ?’ ಎನ್ನುತ್ತಾರೆ. ಶ್ರೀರಂಗಪಟ್ಟಣದವರು ಪುಣ್ಯವಂತರು. ಅವರ ಕೋಟೆ, ದೇವಸ್ಥಾನ, ಸಂಗಮ ಎಲ್ಲವೂ ನೆಲದ ಮೇಲೇ ಇವೆ. ನೆಂಟರನ್ನು ಆಟೋ ಹತ್ತಿಸಿದರೆ ಮುಗಿಯಿತು.

ಬೆಟ್ಟದ ಮೇಲೆ ನನಗೇನೂ ಸಿಟ್ಟಿಲ್ಲ. ಅರಗಿನ ಮನೆಯಿಂದ ಪಾರಾದ ಪಾಂಡವರು ತಾಯಿಯೊಡನೆ ಇಲ್ಲೇ ತಂಗಿದ್ದರಂತೆ. ಎಷ್ಟೋ ಕಾಲದ ಮೇಲೆ ಫ್ರೆಂಚ್ ಸಿಪಾಯಿಗಳೂ ಬಂದು ಬಿಡಾರ ಹೂಡಿದರು. ಆದರೆ ಕುಂತಿಯನ್ನು ಹೊತ್ತು ನಡೆಯಲು ಭೀಮನಿದ್ದ, ಸಿಪಾಯಿಗಳಿಗೆ ಪ್ರಾಯವಿತ್ತು. ನನಗಿರುವುದು ಒಬ್ಬಳೇ ಮಗಳು, ಜೊತೆಗೆ ಸವೆದ ಮೊಣಕಾಲು.

ಹೋದ ತಿಂಗಳು ಆ ಮಗಳನ್ನು ನೋಡಲು ಕೆ.ಆರ್. ಪೇಟೆ ಕಡೆಯವರು ಬಂದರು. ಹುಡುಗ, ಹುಡುಗಿ ಇಬ್ಬರಿಗೂ ಒಪ್ಪಿಗೆಯಾಗಿತ್ತು, ಹಿರಿಯರ ಬಾಯಿಂದ ಮಾತು ಹೊರಡಬೇಕಿತ್ತು ಅಷ್ಟೆ. ಮಾತು ಮಳೆ ಬೆಳೆಯನ್ನೇ ಸುತ್ತುತ್ತಿದ್ದುದನ್ನು ತಡೆಯಲಾರದೆ ನಾನೇ, “ಬೆಟ್ಟ ನೋಡಿಕೊಂಡು ಬರೋಣವೇ?” ಎಂದುಬಿಟ್ಟೆ. ಬೇಡ ಎನ್ನುತ್ತಾರೆಂಬ ಧೈರ್ಯದಿಂದ ಆಡಿದ ಮಾತು. ಹುಡುಗನ ತಂದೆ, “ಓ, ಅದ್ಕೇನಂತೆ!” ಎಂದು ಎದ್ದೇಬಿಟ್ಟರು.

ಹೆಂಡತಿ ಅಡುಗೆಮನೆಗೆ ಕರೆದು, “ಕುಂಟ್ಬ್ಯಾಡಿ ಕಣ್ರೀ. ಹೆಣ್ಣಿನಪ್ಪನೇ ಇಂಗೆ ಅಂದ್ರೆ ಈ ಮನೆತನಕ್ಕೇ ಕಾಯಿಲೆ ಅಂದ್ಕಂಡು ಎದ್ದೋಯ್ತಾರೆ” ಎಂದಳು. ಮಗಳು ಬಾಗಿಲ ಹಿಂದೆ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು.

ಹುಡುಗನ ತಂದೆಯೂ ನಾನೂ ಇಬ್ಬರೇ ಅವರ ಕಾರಿನಲ್ಲಿ ಬೆಟ್ಟದ ಬುಡಕ್ಕೆ ಹೋದೆವು. ಸ್ವಲ್ಪ ಹತ್ತುವಷ್ಟರಲ್ಲಿ ಮೊಣಕಾಲು ಚುಚ್ಚಿತು. ನಿಂತುಕೊಂಡು ಕೆಳಗಿನ ಕಬ್ಬಿನ ಗದ್ದೆಗಳನ್ನು ಹೊಗಳಿದೆ. ಅವರೂ ನಿಂತು ಹೊಗಳಿದರು. ಮತ್ತಷ್ಟು ಹತ್ತಿ ಸಕ್ಕರೆ ಕಾರ್ಖಾನೆಯ ಚಿಮಣಿ ತೋರಿಸಿದೆ. ಅವರು ಎಷ್ಟು ಹೊತ್ತು ನೋಡಿದರೆಂದರೆ, ಚಿಮಣಿಯಲ್ಲಿ ಅಷ್ಟು ನೋಡುವುದೇನಿದೆ ಎಂದು ನನಗೇ ಅನುಮಾನ ಬಂತು. ಕೊನೆಗೆ ಅವರು ಒಂದು ಬಂಡೆಯ ಮೇಲೆ ಕುಳಿತೇಬಿಟ್ಟರು.

“ಯಜಮಾನ್ರೆ, ತಪ್ಪು ತಿಳ್ಕಬ್ಯಾಡಿ. ನನ್ನ ಎರಡು ಮಂಡಿನೂ ಓಗ್ಬುಟ್ಟವೆ. ಕುಂಟ್ಬುಟ್ಟೀಯೆ, ಹೆಣ್ಣಿನ ಕಡೆಯೋರು ಏನಂದ್ಕತಾರೆ ಅಂತ ನಮ್ಮನೆಯೋಳು ಒರಡ್ವಾಗ ಕಿವೀಲಿ ಯೋಳವ್ಳೆ!”

ಕುಣಿಯುವಷ್ಟು ಸಂತೋಷವಾಯಿತು, ಕುಣಿಯುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದಲ್ಲಿ ಕುಸಿದು ಕುಳಿತು ನನ್ನ ಮಂಡಿಯ ಕಥೆಯನ್ನೂ ಹೇಳಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಯಾವ ಎಣ್ಣೆ ಒಳ್ಳೆಯದು ಎಂಬಲ್ಲಿಂದ ಶುರುವಾದ ಮಾತು ಮದುವೆಯ ತಿಂಗಳಿಗೆ ಬಂದು ನಿಂತಿತು.

“ನಮ್ದೊಂದೇ ಷರತ್ತು, ಬೀಗ್ರೆ,” ಎಂದರು. “ಛತ್ರಕ್ಕೆ ಮೆಟ್ಲು ಇರಬಾರ್ದು.”

ಒಬ್ಬರ ಹೆಗಲು ಒಬ್ಬರು ಹಿಡಿದು, ಧಾರಾಳವಾಗಿ ಕುಂಟುತ್ತಾ ಇಳಿದೆವು. ಮನೆ ಬಾಗಿಲಲ್ಲಿದ್ದ ನನ್ನ ಹೆಂಡತಿಯೂ ಹುಡುಗನ ತಾಯಿಯೂ ನಮ್ಮ ನಡಿಗೆ ನೋಡಿ ಗಾಬರಿಯಾದರು. ಆಮೇಲೆ ನಮ್ಮ ಮುಖ ನೋಡಿದರು. ನನ್ನ ಹೆಂಡತಿ ಏನೂ ಕೇಳದೆ ಸಕ್ಕರೆ ತರಲು ಒಳಗೆ ಹೋದಳು.